ಮಾಂಸದ ಕೊಬ್ಬಿನಾಮ್ಲ ವಿಶ್ಲೇಷಣೆ: ಲಕ್ಷಣ ನೋಡಿ ದೋಷ ಪತ್ತೆ ಹಚ್ಚುವ ಕೈಪಿಡಿ

ಮಾಂಸದ ಕೊಬ್ಬನ್ನು ದ್ರಾವಕದಿಂದ ಹೊರತೆಗೆದು, ಅದರ ಕೊಬ್ಬಿನಾಮ್ಲಗಳನ್ನು ಮೀಥೈಲ್ ಎಸ್ಟರ್‌ಗಳಾಗಿ ಪರಿವರ್ತಿಸಿ, ಫ್ಲೇಮ್ ಅಯಾನೈಸೇಷನ್ ಡಿಟೆಕ್ಟರ್ ಇರುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನಲ್ಲಿ ಅಳೆಯುವವರಿಗಾಗಿ ಈ ಕೈಪಿಡಿಯನ್ನು ಸಿದ್ಧಪಡಿಸಲಾಗಿದೆ. ಅಂಕಿಗಳು ಸರಿಯಿಲ್ಲ ಎನಿಸಿದ ಕೂಡಲೇ ಕೈ ಯಂತ್ರದ ಕಡೆಗೆ ಹೋಗುತ್ತದೆ. ಕಾಲಂ (ಘಟಕಗಳನ್ನು ಬೇರ್ಪಡಿಸುವ ಉದ್ದನೆಯ ಕೊಳವೆ) ಕತ್ತರಿಸುವುದು, ಲೈನರ್ (ಇಂಜೆಕ್ಟರ್‌ನೊಳಗಿನ ಗಾಜಿನ ಕೊಳವೆ) ಬದಲಿಸುವುದು, ಕೊನೆಗೆ ಸರ್ವಿಸ್ ಎಂಜಿನಿಯರನ್ನು ಕರೆಸುವುದು ನಡೆಯುತ್ತದೆ. ಆದರೆ ಈ ವಿಧಾನದಲ್ಲಿ ತಪ್ಪು ಬಹುಪಾಲು ಸಿರಿಂಜ್ ಇಂಜೆಕ್ಟರ್‌ಗೆ ಇಳಿಯುವ ಮೊದಲೇ ಆಗಿರುತ್ತದೆ. ಅದು ಎಲ್ಲಿ ಆಯಿತೆಂದು ತಿಳಿಯಲು ಯಾವ ಆಮ್ಲ ಕಡಿಮೆಯಾಗಿದೆ ಎಂದು ನೋಡಿದರೆ ಸಾಲದು, ಯಾವುದು ಕಡಿಮೆಯಾಗದೆ ಉಳಿದಿದೆ ಎಂಬುದನ್ನೂ ನೋಡಬೇಕು. ಸರಪಳಿಯ ಉದ್ದಕ್ಕೆ ತಕ್ಕಂತೆ ನಷ್ಟವಾಗಿದ್ದರೆ ಕಾರಣ ಒಂದು, ದ್ವಿಬಂಧಗಳ ಸಂಖ್ಯೆಗೆ ತಕ್ಕಂತೆ ನಷ್ಟವಾಗಿದ್ದರೆ ಕಾರಣ ಬೇರೆ, ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಸಿದಿದ್ದರೆ ಮತ್ತೂ ಬೇರೆ.

ಎಲ್ಲಕ್ಕಿಂತ ಮೊದಲು: ನಾಲ್ಕು ಇಂಜೆಕ್ಷನ್‌ಗಳು

ಏನನ್ನೂ ಬಿಚ್ಚುವ ಮೊದಲು ಶುದ್ಧ ಹೆಕ್ಸೇನ್, ಮಾಂಸವೊಂದನ್ನು ಬಿಟ್ಟು ಉಳಿದೆಲ್ಲ ಹಂತಗಳನ್ನು ದಾಟಿ ಬಂದ ಖಾಲಿ ಮಾದರಿ, 37 ಘಟಕಗಳ ಮೀಥೈಲ್ ಎಸ್ಟರ್ ಮಾನಕ ಮಿಶ್ರಣ, ಹಾಗೂ ಹಿಂದೆ ಸರಿಯಾದ ಫಲಿತಾಂಶ ಕೊಟ್ಟಿದ್ದ ನಿಯಂತ್ರಣ ಮಾಂಸದ ಎಸ್ಟರ್ ದ್ರಾವಣ, ಇವು ನಾಲ್ಕನ್ನೂ ಒಂದರ ನಂತರ ಒಂದಾಗಿ ಹಾಕಬೇಕು. ಹಳೆಯ ನಿಯಂತ್ರಣ ದ್ರಾವಣ ಈಗಲೂ ಹಳೆಯ ಶೇಕಡಾವಾರು ಅಂಕಿಗಳನ್ನೇ ಕೊಟ್ಟರೆ ಯಂತ್ರವನ್ನು ಸಂಶಯಿಸಲು ಕಾರಣವಿಲ್ಲ. ಮೇಜಿನ ಮೇಲೆ ನಡೆದ ಕೆಲಸದ ಕಡೆಗೆ ಹಿಂದಿರುಗಬೇಕು. ಸೀಸೆಯ ಮುಚ್ಚಳ ಸಡಿಲವಾಗಿ ದ್ರಾವಕ ಆವಿಯಾಗಿದ್ದರೆ ಎಲ್ಲ ಪೀಕ್‌ಗಳೂ (ಯಂತ್ರದ ನಕ್ಷೆಯಲ್ಲಿ ಪ್ರತಿ ಘಟಕಕ್ಕೂ ಮೂಡುವ ಶಿಖರಗಳು) ದೊಡ್ಡದಾಗುತ್ತವೆ, ಆದರೆ ಅವುಗಳ ಪರಸ್ಪರ ಅನುಪಾತ ಬದಲಾಗುವುದಿಲ್ಲ. ಇಂಥ ನಿಯಂತ್ರಣ ದ್ರಾವಣವನ್ನು ಕತ್ತಲಲ್ಲಿ, ತಣ್ಣಗೆ, ಬಿಗಿಯಾಗಿ ಮುಚ್ಚಿ ಇಟ್ಟುಕೊಳ್ಳದ ಪ್ರಯೋಗಾಲಯದಲ್ಲಿ ದೋಷ ಪತ್ತೆ ಊಹೆಯ ಕೆಲಸವಾಗಿಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಲಕ್ಷಣ: ಒಂದೇ ಮಾಂಸದ ಎರಡು ಪ್ರತಿಗಳು ಹೊಂದುವುದಿಲ್ಲ

ಅದೇ ಸೀಸೆಯನ್ನು ಮತ್ತೊಮ್ಮೆ ಇಂಜೆಕ್ಟ್ ಮಾಡಿ. ಅಂಕಿಗಳು ಹೊಂದಿದರೆ, ಅದೇ ಕೊಬ್ಬಿನ ಸಾರವನ್ನು ಮತ್ತೊಮ್ಮೆ ಎಸ್ಟರ್ ಮಾಡಿ ನೋಡಿ. ಅಲ್ಲಿಯೂ ಹೊಂದಿದರೆ ವ್ಯತ್ಯಾಸ ಹೊರತೆಗೆಯುವ ಹಂತದಲ್ಲಿದೆ, ಇಲ್ಲವೇ ಮಾಂಸವನ್ನು ಅರೆದ ರೀತಿಯಲ್ಲಿದೆ. ಬೆಚ್ಚಗಿನ ಮಾಂಸವನ್ನು ಅರೆದಾಗ ಕೊಬ್ಬು ಮೆತ್ತಗಾಗಿ ಬ್ಲೇಡಿಗೂ ಪಾತ್ರೆಯ ಗೋಡೆಗೂ ಅಂಟಿಕೊಳ್ಳುತ್ತದೆ. ಮೊದಲು ತೆಗೆದ ಚಮಚದಲ್ಲಿ ಸ್ನಾಯು ಹೆಚ್ಚು, ಕೊನೆಯದರಲ್ಲಿ ಕೊಬ್ಬು ಹೆಚ್ಚು ಎಂಬಂತಾಗುತ್ತದೆ. ಅರೆ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಅರೆದು, ಗೋಡೆಗೆ ಅಂಟಿದ್ದನ್ನು ಕೆರೆದು ಸೇರಿಸಿ, ಮತ್ತೆ ಅರೆಯುವುದೇ ಇದಕ್ಕೆ ಅತ್ಯಂತ ಅಗ್ಗದ ಪರಿಹಾರ. ಸ್ನಾಯುವಿನ ಹೊರಗಿನ ಕೊಬ್ಬಿನ ಪದರವನ್ನು ಎಷ್ಟು ಕತ್ತರಿಸಿ ತೆಗೆಯಬೇಕು ಎಂಬುದನ್ನು ಬರೆದಿಡದಿದ್ದರೆ ಇಬ್ಬರು ವಿಶ್ಲೇಷಕರು ಒಂದೇ ತುಂಡಿನಿಂದ ಎರಡು ಬಗೆಯ ಮಾಂಸವನ್ನು ತಯಾರಿಸುತ್ತಾರೆ.

ಇಲ್ಲಿ ದೋಷವಲ್ಲದ ದೋಷವೊಂದನ್ನು ಗುರುತಿಸಬೇಕು. ಸ್ನಾಯುವಿನಲ್ಲಿ ಜೀವಕೋಶ ಪೊರೆಗಳ ಫಾಸ್ಫೋಲಿಪಿಡ್ ಪ್ರಮಾಣ 100 ಗ್ರಾಂಗೆ ಸುಮಾರು 0.5ರಿಂದ 1 ಗ್ರಾಂ ವರೆಗೆ, ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ, ಏರಿಳಿಯುವುದು ಶೇಖರಣಾ ಕೊಬ್ಬಾದ ಟ್ರೈಗ್ಲಿಸರೈಡ್. ಬಹು ಅಪರ್ಯಾಪ್ತ ಆಮ್ಲಗಳು (ಎರಡು ಅಥವಾ ಹೆಚ್ಚು ದ್ವಿಬಂಧಗಳಿರುವವು) ಹೆಚ್ಚಾಗಿ ಫಾಸ್ಫೋಲಿಪಿಡ್‌ನಲ್ಲಿಯೇ ಇರುವುದರಿಂದ, ಮಾಂಸದ ಒಟ್ಟು ಕೊಬ್ಬು ಹೆಚ್ಚಿದಂತೆ ಅವುಗಳ ಶೇಕಡಾವಾರು ಪ್ರಮಾಣ ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ಶೇಕಡಾವಾರು ಅಂಕಿಯ ಜೊತೆಗೆ 100 ಗ್ರಾಂ ಮಾಂಸಕ್ಕೆ ಎಷ್ಟು ಮಿಲಿಗ್ರಾಂ ಎಂಬುದನ್ನೂ ಲೆಕ್ಕಹಾಕಿ. ಮಿಲಿಗ್ರಾಂ ಸ್ಥಿರವಾಗಿದ್ದು ಶೇಕಡಾ ಮಾತ್ರ ಇಳಿದಿದ್ದರೆ ಮಾಂಸವೇ ಹಾಗಿದೆ. ವಿಧಾನದಲ್ಲಿ ದೋಷ ಹುಡುಕಬೇಕಾಗಿಲ್ಲ.

ಲಕ್ಷಣ: ಪೀಕ್‌ಗಳೇ ಇಲ್ಲ, ಅಥವಾ ಎಲ್ಲವೂ ಕುಗ್ಗಿವೆ

ದ್ರಾವಕದ ಪೀಕ್ ಕೂಡ ಇಲ್ಲದಿದ್ದರೆ ಜ್ವಾಲೆ ಆರಿರಬಹುದು. ತಣ್ಣಗಿನ ಹೊಳಪಿನ ಲೋಹದ ತುಂಡನ್ನು ಡಿಟೆಕ್ಟರ್ ಬಾಯಿಯ ಮೇಲೆ ಹಿಡಿದಾಗ ಅದರ ಮೇಲೆ ತೇವ ಮೂಡಿದರೆ ಜ್ವಾಲೆ ಉರಿಯುತ್ತಿದೆ ಎಂದರ್ಥ. ಮೂಡದಿದ್ದರೆ ಜಲಜನಕ ನಿಮಿಷಕ್ಕೆ 30ರಿಂದ 40 ಮಿಲಿಲೀಟರ್, ಗಾಳಿ 300ರಿಂದ 400 ಮಿಲಿಲೀಟರ್ ಆಸುಪಾಸಿನಲ್ಲಿದೆಯೇ ಎಂದು ನೋಡಿ. ಆಮೇಲೆ ಸಿರಿಂಜ್ ಕಟ್ಟಿಕೊಂಡಿದೆಯೇ, ಸೀಸೆಯಲ್ಲಿ ದ್ರವದ ಮಟ್ಟ ಸೂಜಿಗೆ ಎಟಕುತ್ತದೆಯೇ, ಸೆಪ್ಟಮ್ (ಸೂಜಿ ಚುಚ್ಚುವ ರಬ್ಬರ್ ಬಿಲ್ಲೆ) ಹರಿದಿದೆಯೇ, ಸ್ಪ್ಲಿಟ್ ಅನುಪಾತವನ್ನು (ಮಾದರಿಯ ಎಷ್ಟು ಪಾಲು ಕಾಲಂಗೆ ಹೋಗಬೇಕೆಂಬುದನ್ನು) ಯಾರಾದರೂ ಬದಲಿಸಿದ್ದಾರೆಯೇ ಎಂದು ಪರೀಕ್ಷಿಸಿ. ಜಲಜನಕದ ಸೋರಿಕೆಯ ಸಂಶಯ ಬಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಬೇಕು: ಗಾಳಿಯಲ್ಲಿ ಶೇ. 4ರಿಂದ 75ರವರೆಗಿನ ಜಲಜನಕ ಹೊತ್ತಿಕೊಳ್ಳಬಲ್ಲದು. ಸಿಲಿಂಡರ್ ಮುಚ್ಚಿ, ಓವನ್ ಆರಿಸಿ, ಕೋಣೆಗೆ ಗಾಳಿಯಾಡಲು ಬಿಟ್ಟು, ಆಮೇಲೆ ಅನಿಲ ಮಾರ್ಗ ತಿಳಿದವರನ್ನು ಕರೆಯಿರಿ. ಜ್ವಾಲೆಯನ್ನು ಮತ್ತೆ ಮತ್ತೆ ಹೊತ್ತಿಸಲು ಯತ್ನಿಸಬಾರದು.

ಮಾನಕ ಮಿಶ್ರಣದ ಪೀಕ್‌ಗಳು ಸರಿಯಾಗಿದ್ದು ಮಾಂಸದವು ಮಾತ್ರ ಕುಗ್ಗಿದ್ದರೆ ಎಸ್ಟರ್ ಆಗುವ ಕ್ರಿಯೆ ಅರ್ಧಕ್ಕೆ ನಿಂತಿದೆಯೆಂದು ಭಾವಿಸಬಹುದು. ಇದನ್ನು ಖಚಿತಪಡಿಸಲು ಯಂತ್ರ ಬೇಕಿಲ್ಲ. ಸಿಲಿಕಾ ಲೇಪಿತ ಟಿ.ಎಲ್.ಸಿ. (ತೆಳು ಪದರ ಕ್ರೊಮ್ಯಾಟೊಗ್ರಫಿ) ಹಾಳೆ ಸಾಕು. ಹೆಕ್ಸೇನ್, ಡೈಈಥೈಲ್ ಈಥರ್ ಮತ್ತು ಅಸಿಟಿಕ್ ಆಮ್ಲವನ್ನು 80:20:1ರ ಅನುಪಾತದಲ್ಲಿ ಬೆರೆಸಿ ಹಾಳೆಯನ್ನು ಓಡಿಸಿ, ಅಯೋಡಿನ್ ಆವಿಯಲ್ಲಿ ಇಟ್ಟರೆ ಮೀಥೈಲ್ ಎಸ್ಟರ್ ಮೇಲೆ, ಟ್ರೈಗ್ಲಿಸರೈಡ್ ಅದಕ್ಕಿಂತ ಕೆಳಗೆ, ಸ್ವತಂತ್ರ ಕೊಬ್ಬಿನಾಮ್ಲ ಇನ್ನೂ ಕೆಳಗೆ ಕಾಣುತ್ತವೆ. ಫಾಸ್ಫೋಲಿಪಿಡ್ ಹಚ್ಚಿದ ಜಾಗದಲ್ಲಿಯೇ ಉಳಿಯುತ್ತದೆ. ಟ್ರೈಗ್ಲಿಸರೈಡ್ ಕಲೆ ಉಳಿದಿದ್ದರೆ, ಅದು ಮೆಥನಾಲ್‌ನಲ್ಲಿ ಸರಿಯಾಗಿ ಕರಗಿಲ್ಲ. ಸ್ವಲ್ಪ ಟೊಲುಯೀನ್ ಸೇರಿಸಿದರೆ ಹೆಚ್ಚಿನ ಸಂದರ್ಭಗಳಲ್ಲಿ ಸರಿಹೋಗುತ್ತದೆ. ಸ್ವತಂತ್ರ ಆಮ್ಲದ ಕಲೆ ಗಾಢವಾಗಿದ್ದು ನೀವು ಸೋಡಿಯಂ ಮೆಥಾಕ್ಸೈಡ್‌ನಂಥ ಪ್ರತ್ಯಾಮ್ಲವನ್ನು ಬಳಸಿದ್ದರೆ ಎರಡು ಕಾರಣಗಳಿರಬಹುದು. ಪ್ರತ್ಯಾಮ್ಲವು ಸ್ವತಂತ್ರ ಆಮ್ಲಗಳನ್ನು ಎಸ್ಟರ್ ಮಾಡಲಾರದು ಎಂಬುದು ಮೊದಲನೆಯದು. ಬಹಳ ದಿನ ಇಟ್ಟ ಮಾಂಸದಲ್ಲಿ ಅವು ಹೆಚ್ಚಿರುತ್ತವೆ. ಸಾರದಲ್ಲಿ ಉಳಿದ ನೀರು ಎಸ್ಟರ್ ಬದಲಿಗೆ ಸಾಬೂನನ್ನು ಉಂಟುಮಾಡಿತು ಎಂಬುದು ಎರಡನೆಯದು. ಸಾರವನ್ನು ನಿರ್ಜಲ ಸೋಡಿಯಂ ಸಲ್ಫೇಟ್ ಮೇಲೆ ಒಣಗಿಸಿ ಪುನಃ ಮಾಡಿದಾಗ ಕಲೆ ಮಾಯವಾದರೆ ನೀರೇ ಕಾರಣ.

ಲಕ್ಷಣ: ಹೆಸರಿಲ್ಲದ ಪೀಕ್‌ಗಳು

ಖಾಲಿ ಮಾದರಿಯಲ್ಲಿಯೂ ಅವು ಕಂಡರೆ ಮಾಂಸಕ್ಕೂ ಅವಕ್ಕೂ ಸಂಬಂಧವಿಲ್ಲ. ಪ್ಲಾಸ್ಟಿಕ್ ಕೊಳವೆ, ಪ್ಲಾಸ್ಟಿಕ್ ತುದಿ, ಮುಚ್ಚಳದ ಒಳಪದರಗಳಿಂದ ಬರುವ ಥ್ಯಾಲೇಟ್‌ಗಳು ಇದಕ್ಕೆ ಸಾಮಾನ್ಯ ಕಾರಣ; ಕ್ಲೋರೋಫಾರ್ಮ್ ಸೋಕುವ ಪ್ರತಿಯೊಂದೂ ಗಾಜು ಅಥವಾ ಟೆಫ್ಲಾನ್ ಆಗಿರಬೇಕು. ಉತ್ಕರ್ಷಣ (ಆಮ್ಲಜನಕದೊಂದಿಗೆ ಸೇರಿ ಕೊಬ್ಬು ಕೆಡುವುದು) ತಡೆಯಲು ಸೇರಿಸಿದ ಬಿ.ಎಚ್.ಟಿ. ಕೂಡ ಒಂದು ಪೀಕ್ ಕೊಡುತ್ತದೆ. ಅದನ್ನು ಒಂಟಿಯಾಗಿ ಇಂಜೆಕ್ಟ್ ಮಾಡಿ ಅದರ ಜಾಗವನ್ನು ಗುರುತು ಹಾಕಿಕೊಂಡರೆ ಗೊಂದಲ ಮುಗಿಯುತ್ತದೆ.

ಖಾಲಿ ಮಾದರಿ ಸ್ವಚ್ಛವಾಗಿದ್ದು, ಮಾಂಸದಲ್ಲಿ ಮಾತ್ರ 16:0 ಮತ್ತು 18:0 (ಮೊದಲ ಅಂಕಿ ಆಮ್ಲದ ಇಂಗಾಲಗಳ ಸಂಖ್ಯೆ, ಎರಡನೆಯದು ದ್ವಿಬಂಧಗಳ ಸಂಖ್ಯೆ) ಪೀಕ್‌ಗಳಿಗೆ ಸ್ವಲ್ಪ ಮುಂಚೆ ಚಿಕ್ಕ ಪೀಕ್‌ಗಳು ಕಂಡರೆ ಗಾಬರಿಪಡಬೇಕಾಗಿಲ್ಲ. ಸ್ನಾಯುವಿನ ಪ್ಲಾಸ್ಮಲೋಜೆನ್‌ಗಳು (ಒಂದು ಬಗೆಯ ಫಾಸ್ಫೋಲಿಪಿಡ್) ಆಮ್ಲ ಕ್ರಿಯಾವರ್ಧಕದಲ್ಲಿ ಡೈಮೀಥೈಲ್ ಅಸಿಟಾಲ್‌ಗಳಾಗುತ್ತವೆ. ಇವು ಮಾಂಸದ ಸಹಜ ಭಾಗ. ಇವನ್ನು ಕವಲು ಸರಪಳಿಯ ಆಮ್ಲವೆಂದೋ 15:0 ಎಂದೋ ತಪ್ಪಾಗಿ ಓದುವುದು ಮಾತ್ರ ದೋಷ. ಪ್ರತ್ಯಾಮ್ಲದಿಂದ ಎಸ್ಟರ್ ಮಾಡಿದಾಗ ಅವು ಕಾಣೆಯಾದರೆ ಗುರುತು ಸರಿಯಾಗಿತ್ತು ಎಂದು ತಿಳಿಯಬಹುದು. ಮೆಲುಕು ಹಾಕುವ ಪ್ರಾಣಿಗಳ ಮಾಂಸದಲ್ಲಿ ನಿಜವಾದ ಕವಲು ಸರಪಳಿಯ 15 ಮತ್ತು 17 ಇಂಗಾಲದ ಆಮ್ಲಗಳೂ ಇರುತ್ತವೆ. ಅವು ಎರಡೂ ವಿಧಾನಗಳಲ್ಲಿ ಉಳಿಯುತ್ತವೆ.

ಒಂದು ಓಟದಲ್ಲಿ ಇಲ್ಲದ ಅಗಲವಾದ ಉಬ್ಬು ಮುಂದಿನ ಓಟದಲ್ಲಿ ಎಲ್ಲೋ ನಡುವೆ ಕಾಣಿಸಿದರೆ ಅದು ಹಿಂದಿನ ಮಾದರಿಯ ಕೊಲೆಸ್ಟೆರಾಲ್ ಸಂಬಂಧಿ ಅವಶೇಷವಾಗಿರಬಹುದು. ಕೊನೆಯ ತಾಪಮಾನದಲ್ಲಿ ಹೆಚ್ಚು ಹೊತ್ತು ನಿಲ್ಲಿಸಿ ನೋಡಿ, ಆದರೆ ಕಾಲಂ ತಯಾರಕರು ಹೇಳಿದ ಗರಿಷ್ಠ ಮಿತಿಯನ್ನು ಮೀರಬೇಡಿ.

ಲಕ್ಷಣ: ಬಹು ಅಪರ್ಯಾಪ್ತ ಆಮ್ಲಗಳು ಕಡಿಮೆ ಬರುತ್ತಿವೆ

ಮಾಂಸದ ವಿಶ್ಲೇಷಣೆಯಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವ ಲಕ್ಷಣ ಇದು. 20:4, 20:5, 22:5, 22:6 ಇಳಿದದ್ದನ್ನು ಕಂಡ ಕೂಡಲೇ ಉತ್ಕರ್ಷಣ ಎಂದು ಹೇಳಿಬಿಡುವ ಅಭ್ಯಾಸವಿದೆ. ಆದರೆ ಫಾಸ್ಫೋಲಿಪಿಡ್ ಮಾಂಸದಿಂದ ಹೊರಗೇ ಬಾರದಿದ್ದಾಗಲೂ ಇದೇ ಚಿತ್ರ ಮೂಡುತ್ತದೆ. ಪರಿಹಾರಗಳು ಮಾತ್ರ ಬೇರೆ ಬೇರೆ.

ಉತ್ಕರ್ಷಣವಾದರೆ ನಷ್ಟವು ದ್ವಿಬಂಧಗಳ ಸಂಖ್ಯೆಯನ್ನು ಅನುಸರಿಸುತ್ತದೆ: ಆರು ದ್ವಿಬಂಧಗಳ 22:6 ಮೊದಲು ಹೋಗುತ್ತದೆ, 20:5 ಅದರ ಹಿಂದೆ, 18:2 ಬಹುಮಟ್ಟಿಗೆ ಉಳಿಯುತ್ತದೆ, 18:1 ಅಲುಗುವುದಿಲ್ಲ. ಫಾಸ್ಫೋಲಿಪಿಡ್ ಬಿಟ್ಟುಹೋಗಿದ್ದರೆ 20:4 ಮತ್ತು 22:6 ಒಟ್ಟಿಗೆ, ಸುಮಾರು ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ. ದನ ಮತ್ತು ಕುರಿಯ ಮಾಂಸದಲ್ಲಿ 18:2 ಕೂಡ ಅವುಗಳ ಜೊತೆ ಗಮನಾರ್ಹವಾಗಿ ಕುಸಿಯುತ್ತದೆ, ಏಕೆಂದರೆ ಅಲ್ಲಿ ಅದರ ದೊಡ್ಡ ಪಾಲು ಪೊರೆಗಳಲ್ಲಿರುತ್ತದೆ. ಆಮ್ಲ ವಿಧಾನ ಬಳಸುವವರಿಗೆ ಮತ್ತೊಂದು ಸುಳಿವಿದೆ: ಡೈಮೀಥೈಲ್ ಅಸಿಟಾಲ್ ಪೀಕ್‌ಗಳೂ ಜೊತೆಯಲ್ಲೇ ಕುಗ್ಗಿದ್ದರೆ ಸಂಶಯ ಹೊರತೆಗೆಯುವ ಹಂತದ ಕಡೆಗೆ ವಾಲುತ್ತದೆ. ಪ್ಲಾಸ್ಮಲೋಜೆನ್‌ಗಳೂ ಉತ್ಕರ್ಷಣಕ್ಕೆ ಸುಲಭವಾಗಿ ತುತ್ತಾಗುವುದರಿಂದ ಈ ಸುಳಿವೊಂದನ್ನೇ ನೆಚ್ಚಬಾರದು.

ಹೊರತೆಗೆಯುವ ಹಂತವನ್ನು ಹೀಗೆ ಪರೀಕ್ಷಿಸಿ. ಪೆಟ್ರೋಲಿಯಂ ಈಥರ್ ಹಾಕಿ ಸಾಕ್ಸ್‌ಲೆಟ್‌ನಲ್ಲಿ (ಬಿಸಿ ದ್ರಾವಕವನ್ನು ಮತ್ತೆ ಮತ್ತೆ ಹರಿಸಿ ಕೊಬ್ಬು ತೆಗೆಯುವ ಉಪಕರಣ) ತೆಗೆದ ಕೊಬ್ಬಿನಿಂದ ಕೊಬ್ಬಿನಾಮ್ಲ ಅಳೆಯುತ್ತಿದ್ದರೆ ಮುಂದೆ ಹುಡುಕುವುದೇ ಬೇಡ. ಅದು ತಟಸ್ಥ ಕೊಬ್ಬನ್ನು ತೆಗೆಯುತ್ತದೆ, ಪೊರೆಗಳ ಫಾಸ್ಫೋಲಿಪಿಡ್ ಬಹುತೇಕ ಅಲ್ಲಿಯೇ ಉಳಿಯುತ್ತದೆ. 1957ರ ಫಾಲ್ಚ್ ವಿಧಾನದಲ್ಲಿ ಒಂದು ಗ್ರಾಂ ಅಂಗಾಂಶಕ್ಕೆ 2:1 ಕ್ಲೋರೋಫಾರ್ಮ್ ಮತ್ತು ಮೆಥನಾಲ್ ಮಿಶ್ರಣ 20 ಮಿಲಿಲೀಟರ್ ಬೇಕು. ದ್ರಾವಕ ಉಳಿಸಲು ಇದನ್ನು ಅರ್ಧಕ್ಕಿಳಿಸಿದವರು ಕೊಬ್ಬನ್ನೂ ಕಳೆದುಕೊಳ್ಳುತ್ತಾರೆ. ತೊಳೆಯಲು ಶೇ. 0.88ರ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ಬದಲು ಬರಿಯ ನೀರು ಬಳಸಿದರೆ ಪದರಗಳು ಸರಿಯಾಗಿ ಬೇರ್ಪಡದೆ, ಧ್ರುವೀಯ ಲಿಪಿಡ್‌ಗಳ ಒಂದು ಭಾಗ ಮೇಲಿನ ಪದರದೊಂದಿಗೆ ಚೆಲ್ಲಿಹೋಗುತ್ತದೆ. 1959ರ ಬ್ಲೈ ಮತ್ತು ಡೈಯರ್ ವಿಧಾನವು ಅಂಗಾಂಶದೊಳಗಿನ ನೀರನ್ನೂ ಲೆಕ್ಕಕ್ಕೆ ತೆಗೆದುಕೊಂಡು ರೂಪಿಸಿದ್ದು. ಶೈತ್ಯ ಶುಷ್ಕೀಕರಣ ಮಾಡಿದ ಮಾಂಸದ ಪುಡಿಯನ್ನು ಆ ನೀರನ್ನು ಮರಳಿ ಸೇರಿಸದೆ ಬಳಸಿದರೆ ಅನುಪಾತವೇ ತಪ್ಪುತ್ತದೆ. ಜೊತೆಗೆ, ಕೊಬ್ಬು ಶೇ. 2ಕ್ಕಿಂತ ಹೆಚ್ಚಿರುವ ಮಾದರಿಗಳಲ್ಲಿ ಈ ವಿಧಾನ ಒಟ್ಟು ಕೊಬ್ಬನ್ನು ಕಡಿಮೆ ತೋರಿಸುತ್ತದೆ; ಮೀನಿನ ಸ್ನಾಯುವಿಗಾಗಿ ಹುಟ್ಟಿದ ವಿಧಾನವನ್ನು ಹಂದಿಯ ಮಾಂಸಕ್ಕೆ ಹಾಗೆಯೇ ಒಯ್ಯಬಾರದು. ಉಳಿದ ಹಿಪ್ಪೆಯನ್ನು ಎರಡನೆಯ ಬಾರಿ ಹೊರತೆಗೆದು ಎಸ್ಟರ್ ಮಾಡಿದಾಗ ಅದರಲ್ಲಿ 20:4 ಎದ್ದು ಕಂಡರೆ ಪ್ರಶ್ನೆ ಇತ್ಯರ್ಥವಾಯಿತು.

ಹೊರತೆಗೆಯುವ ಹಂತ ಸರಿಯಾಗಿದೆ ಎಂದಾದರೆ ಉತ್ಕರ್ಷಣವನ್ನು ಹುಡುಕಿ. ಅರೆದ ಮಾಂಸವನ್ನು −20 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದೀರಾ? ಅರೆದಾಗ ಸ್ನಾಯುವಿನ ಕಬ್ಬಿಣವೂ ಗಾಳಿಯೂ ಕೊಬ್ಬನ್ನು ಸೇರುವುದರಿಂದ ಅಲ್ಲಿಯೂ ಉತ್ಕರ್ಷಣ ನಿಧಾನವಾಗಿ ನಡೆಯುತ್ತಲೇ ಇರುತ್ತದೆ; −80 ಡಿಗ್ರಿ ಮತ್ತು ಗಾಳಿ ತೆಗೆದ ಚೀಲ ಹೆಚ್ಚು ಸುರಕ್ಷಿತ. ದ್ರಾವಕದಲ್ಲಿ ಶೇ. 0.01ರಷ್ಟು ಬಿ.ಎಚ್.ಟಿ. ಇದೆಯೇ? ಸಾರವನ್ನು ಬಿಸಿಯಲ್ಲಿ ಪೂರ್ತಿ ಒಣಗಿಸಿ, ರಾತ್ರಿಯಿಡೀ ಹಾಗೆಯೇ ಬಿಟ್ಟಿದ್ದಾರೆಯೇ? ಒಣ ಗಾಜಿನ ಮೇಲೆ ತೆಳುವಾಗಿ ಹರಡಿದ ಕೊಬ್ಬಿಗಿಂತ ಬೇಗ ಕೆಡುವ ಸ್ಥಿತಿ ಮತ್ತೊಂದಿಲ್ಲ. ಸಾರಜನಕದ ಹರಿವಿನಡಿ, ಕಡಿಮೆ ತಾಪದಲ್ಲಿ ಒಣಗಿಸಿ ಕೂಡಲೇ ದ್ರಾವಕ ಹಾಕಿಡಬೇಕು. ಹಳೆಯ ಬೋರಾನ್ ಟ್ರೈಫ್ಲೋರೈಡ್ ಕಾರಕವೂ ಬಹು ಅಪರ್ಯಾಪ್ತಗಳನ್ನು ಹಾಳುಮಾಡುತ್ತದೆ. ಅದನ್ನು ಫ್ರಿಜ್‌ನಲ್ಲಿಟ್ಟು, ತೆರೆದ ದಿನಾಂಕ ಬರೆದು, ಸಂಶಯ ಬಂದಾಗ ಹೊಸ ಬಾಟಲಿಯೊಂದಿಗೆ ಹೋಲಿಸಿ.

ಲಕ್ಷಣ: ಪಟ್ಟಿಯ ಒಂದು ತುದಿ ಕುಗ್ಗಿದೆ

ಉದ್ದ ಸರಪಳಿಗಳು, ಪರ್ಯಾಪ್ತವಾದವೂ ಸೇರಿ, ಕಡಿಮೆ ಬಂದರೆ ಉತ್ಕರ್ಷಣವನ್ನು ದೂರಬೇಡಿ. ಇಂಜೆಕ್ಟರ್ ಭಾರದ ಎಸ್ಟರ್‌ಗಳನ್ನು ಪೂರ್ತಿಯಾಗಿ ಆವಿಯಾಗಿಸುತ್ತಿಲ್ಲ. ಮಾಂಸದಲ್ಲಿ 24:0 ತೀರಾ ಕಡಿಮೆ ಇರುವುದರಿಂದ ಈ ಪರೀಕ್ಷೆಯನ್ನು ಮಾನಕದಿಂದಲೇ ಮಾಡಬೇಕು. ಸಮ ತೂಕದಲ್ಲಿ ಬೆರೆಸಿದ ಪರ್ಯಾಪ್ತ ಎಸ್ಟರ್‌ಗಳಲ್ಲಿ 16:0 ಮತ್ತು 24:0 ಪೀಕ್‌ಗಳ ವಿಸ್ತೀರ್ಣ ಹೆಚ್ಚುಕಡಿಮೆ ಸಮವಾಗಿರಬೇಕು. ಇಲ್ಲದಿದ್ದರೆ ಇಂಜೆಕ್ಟರ್ ತಾಪ 250 ಡಿಗ್ರಿ ಇದೆಯೇ ಎಂದು ನೋಡಿ, ಲೈನರ್ ಮತ್ತು ಅದರೊಳಗಿನ ಗಾಜಿನ ಉಣ್ಣೆಯನ್ನು ಬದಲಿಸಿ. ಇಂಜೆಕ್ಟರ್ ಪೂರ್ತಿ ತಣ್ಣಗಾಗುವ ಮೊದಲು ಕೈ ಹಾಕಬೇಡಿ.

ಇದಕ್ಕೆ ವಿರುದ್ಧವಾಗಿ 10:0, 12:0 ಮಾತ್ರ ಕಡಿಮೆಯಾದರೆ, ಎಸ್ಟರ್‌ಗಳನ್ನು ಸಾರಜನಕದಡಿ ಅತಿಯಾಗಿ ಒಣಗಿಸಲಾಗಿದೆ. ಪೂರ್ತಿ ಒಣಗಿಸದೆ ಸ್ವಲ್ಪ ಹೆಕ್ಸೇನ್ ಉಳಿಸಿದರೆ ಸಾಕು.

ಲಕ್ಷಣ: ಪೀಕ್‌ಗಳು ಜರುಗಿವೆ ಅಥವಾ ಒಂದಕ್ಕೊಂದು ಸೇರಿವೆ

ಎಲ್ಲವೂ ಒಂದೇ ದಿಕ್ಕಿಗೆ ಜರುಗಿದ್ದರೆ ವಾಹಕ ಅನಿಲದ ಒತ್ತಡ ಇಲ್ಲವೇ ಸೆಪ್ಟಮ್ ಸೋರಿಕೆಯನ್ನು ನೋಡಿ. ಕೆಲವು ಮಾತ್ರ ಅದಲು ಬದಲಾಗಿದ್ದರೆ ಓವನ್ ತಾಪ ಬದಲಾಗಿದೆ. ಸಯನೋಪ್ರೊಪೈಲ್ ಲೇಪನದ 100 ಮೀಟರ್ ಕಾಲಂನಲ್ಲಿ 20:1 ಮತ್ತು 18:3 ಎನ್-3, ಹಾಗೆಯೇ 24:0 ಮತ್ತು 20:5 ಬಹಳ ಹತ್ತಿರದಲ್ಲಿ ಬರುತ್ತವೆ. ತಾಪದ ಸಣ್ಣ ಏರಿಳಿತವೂ ಅವನ್ನು ಕೂಡಿಸಬಲ್ಲದು. ಆಂತರಿಕ ಮಾನಕದ (ಹೋಲಿಕೆಗಾಗಿ ತಿಳಿದ ಪ್ರಮಾಣದಲ್ಲಿ ಮಾದರಿಗೇ ಸೇರಿಸುವ ವಸ್ತು) ಆಯ್ಕೆಯೂ ಇಲ್ಲಿ ಕಾಡುತ್ತದೆ. 23:0 ಹಾಕಿದರೆ ಅದು 20:4ರ ನೆರೆಯಲ್ಲಿ ಬರುತ್ತದೆ. 17:0 ಹಾಕಿದರೆ ಮೆಲುಕು ಹಾಕುವ ಪ್ರಾಣಿಗಳ ಮಾಂಸದಲ್ಲಿ ಅದು ಸಹಜವಾಗಿಯೇ ಇರುವುದರಿಂದ ಲೆಕ್ಕ ಕೆಡುತ್ತದೆ. ಆಂತರಿಕ ಮಾನಕ ಸೇರಿಸದ ಒಂದು ಮಾಂಸ ಮಾದರಿಯನ್ನು ಮೊದಲು ಓಡಿಸಿ, ಆ ಜಾಗ ಖಾಲಿಯಿದೆಯೇ ಎಂದು ನೋಡಿಕೊಳ್ಳುವುದೇ ಸರಿಯಾದ ದಾರಿ.

ಲಕ್ಷಣ: ಸಂಯುಗ್ಮ ಲಿನೋಲಿಕ್ ಆಮ್ಲದಲ್ಲಿ ಟ್ರಾನ್ಸ್ ರೂಪಗಳು ಏರಿವೆ

ದನ, ಕುರಿ, ಮೇಕೆಗಳ ಮಾಂಸದಲ್ಲಿ ಈ ಆಮ್ಲದ ಮುಖ್ಯ ರೂಪ 9-ಸಿಸ್, 11-ಟ್ರಾನ್ಸ್ (ಸಿಸ್, ಟ್ರಾನ್ಸ್ ಎಂಬುವು ದ್ವಿಬಂಧದ ಎರಡು ಬಗೆಯ ಜೋಡಣೆಗಳು). ಎರಡೂ ಟ್ರಾನ್ಸ್ ಆಗಿರುವ ರೂಪಗಳು ಅದರ ಪಕ್ಕದಲ್ಲಿ ಎದ್ದು ಕಂಡರೆ ಆಮ್ಲ ಕ್ರಿಯಾವರ್ಧಕ ಮತ್ತು ಬಿಸಿ ಸೇರಿ ಅವನ್ನು ಸೃಷ್ಟಿಸಿವೆ ಎಂದು ಶಂಕಿಸಬೇಕು. ಅದೇ ಸಾರವನ್ನು ಸೋಡಿಯಂ ಮೆಥಾಕ್ಸೈಡ್‌ನಿಂದ ಎಸ್ಟರ್ ಮಾಡಿದಾಗ ಅವು ಇಳಿದರೆ ಸಂಶಯ ನಿಜ. ಸ್ವತಂತ್ರ ಆಮ್ಲಗಳೂ ಬೇಕಾದಾಗ ಮೊದಲು ಪ್ರತ್ಯಾಮ್ಲ, ಆಮೇಲೆ ಸೌಮ್ಯ ತಾಪದಲ್ಲಿ ಅಲ್ಪಕಾಲ ಆಮ್ಲ ಎಂಬ ಎರಡು ಹಂತದ ಕ್ರಮ ಒಳ್ಳೆಯ ರಾಜಿ. 18:1ರ ಎಲ್ಲ ಟ್ರಾನ್ಸ್ ರೂಪಗಳನ್ನು ಒಂದೇ ಓಟದಲ್ಲಿ ಬಿಡಿಸಲು ಯತ್ನಿಸಿ ಸಮಯ ಕಳೆಯಬೇಡಿ. ಅದಕ್ಕೆ ಬೆಳ್ಳಿ ಅಯಾನಿನ ಬೇರ್ಪಡಿಕೆ ಬೇಕು.

ಲಕ್ಷಣ: ಒಟ್ಟು ಮೊತ್ತ ಕೊಬ್ಬಿನ ತೂಕಕ್ಕೆ ತಾಳೆಯಾಗುವುದಿಲ್ಲ

ಮೊದಲು ಲೆಕ್ಕವನ್ನೇ ನೋಡಿ: ಮೀಥೈಲ್ ಓಲಿಯೇಟನ್ನು ಓಲಿಯಿಕ್ ಆಮ್ಲವಾಗಿ ಪರಿವರ್ತಿಸಲು 0.953ರಿಂದ ಗುಣಿಸಬೇಕು. ಆಮೇಲೆ ನಿರೀಕ್ಷೆಯನ್ನು ನೋಡಿ. ಟ್ರೈಓಲಿನ್ ತೂಕದಲ್ಲಿ ಸುಮಾರು ಶೇ. 96 ಕೊಬ್ಬಿನಾಮ್ಲವಾದರೆ, ಫಾಸ್ಫಟಿಡಿಲ್‌ಕೋಲಿನ್‌ನಲ್ಲಿ ಅದು ಶೇ. 72ರ ಆಸುಪಾಸು ಮಾತ್ರ. ಕೊಬ್ಬು ಶೇ. 1.5 ಇರುವ, ಅದರಲ್ಲಿ ಅರ್ಧ ಫಾಸ್ಫೋಲಿಪಿಡ್ ಆಗಿರುವ ಮಾಂಸದಲ್ಲಿ, ಕೊಲೆಸ್ಟೆರಾಲನ್ನೂ ಕಳೆದ ಮೇಲೆ, ಕೊಬ್ಬಿನ ತೂಕದ ಶೇ. 80ರಷ್ಟು ಕೊಬ್ಬಿನಾಮ್ಲ ಸಿಕ್ಕರೆ ಅದು ಒಳ್ಳೆಯ ಫಲಿತಾಂಶವೇ. ಮೊತ್ತ 100 ದಾಟಿದರೆ ಆಂತರಿಕ ಮಾನಕದ ಕಡೆ ನೋಡಿ. ಮಾನಕವನ್ನು ಸ್ವತಂತ್ರ ಆಮ್ಲದ ರೂಪದಲ್ಲಿ ಹಾಕಿ ಪ್ರತ್ಯಾಮ್ಲ ಬಳಸಿದರೆ ಅದು ಎಸ್ಟರ್ ಆಗದೆ ಉಳಿದು, ಅದರ ಪೀಕ್ ಕುಗ್ಗಿ, ಉಳಿದೆಲ್ಲವೂ ಉಬ್ಬಿ ಕಾಣುತ್ತವೆ. ಮೀಥೈಲ್ ಎಸ್ಟರ್ ರೂಪದ ಮಾನಕ ಎಸ್ಟರ್ ಕ್ರಿಯೆಯ ವೈಫಲ್ಯವನ್ನು ಬಯಲು ಮಾಡುವುದಿಲ್ಲ. ಟ್ರೈಗ್ಲಿಸರೈಡ್ ರೂಪದ ಮಾನಕವನ್ನು ಹೊರತೆಗೆಯುವ ಮೊದಲೇ ಸೇರಿಸುವುದನ್ನು ನಾನು ಆರಿಸಿಕೊಳ್ಳುತ್ತೇನೆ.

ಸುರಕ್ಷತೆ, ಮತ್ತು ಎಲ್ಲಿ ನಿಲ್ಲಿಸಬೇಕು

ಹೊರತೆಗೆಯುವುದು, ಎಸ್ಟರ್ ಮಾಡುವುದು, ಒಣಗಿಸುವುದು, ಎಲ್ಲವೂ ಫ್ಯೂಮ್ ಹುಡ್ ಒಳಗೇ ನಡೆಯಬೇಕು. ಕ್ಲೋರೋಫಾರ್ಮ್ ನೈಟ್ರೈಲ್ ಕೈಗವಸನ್ನು ಬೇಗನೆ ದಾಟುತ್ತದೆ. ಚೆಲ್ಲಿದರೆ ತಕ್ಷಣ ಕೈಗವಸು ಬದಲಿಸಿ. ಹಳೆಯ ಕ್ಲೋರೋಫಾರ್ಮ್ ಬೆಳಕು ಮತ್ತು ಗಾಳಿಗೆ ಸಿಕ್ಕಾಗ ವಿಷಾನಿಲವಾದ ಫಾಸ್ಜೀನ್ ಹುಟ್ಟಬಲ್ಲದು. ಕ್ಲೋರೋಫಾರ್ಮ್ ಇರುವ ತ್ಯಾಜ್ಯವನ್ನು ಅಸಿಟೋನ್ ಮತ್ತು ಪ್ರಬಲ ಪ್ರತ್ಯಾಮ್ಲ ಇರುವ ಡಬ್ಬಿಗೆ ಸುರಿಯಬಾರದು, ಅದು ಸ್ಫೋಟಿಸಬಹುದು. ಬೋರಾನ್ ಟ್ರೈಫ್ಲೋರೈಡ್ ನೀರಿನೊಂದಿಗೆ ಸೇರಿದಾಗ ಹೈಡ್ರೋಜನ್ ಫ್ಲೋರೈಡ್ ಉಂಟಾಗಬಹುದು. ಅದು ಚರ್ಮಕ್ಕೆ ತಾಗಿದರೆ ನೋವಿಗಾಗಿ ಕಾಯದೆ ನೀರಿನಲ್ಲಿ ತೊಳೆಯುತ್ತಾ ವೈದ್ಯಕೀಯ ನೆರವು ಪಡೆಯಿರಿ. ಅಸಿಟೈಲ್ ಕ್ಲೋರೈಡನ್ನು ಮೆಥನಾಲ್‌ಗೆ ಹನಿಹನಿಯಾಗಿ, ಮಂಜುಗಡ್ಡೆಯಲ್ಲಿ ತಣಿಸುತ್ತಾ ಸೇರಿಸಬೇಕು. ಬಿಸಿ ಮಾಡುವ ಕೊಳವೆಗಳ ಮುಚ್ಚಳದಲ್ಲಿ ಬಿರುಕು ಕಂಡರೆ ಅವನ್ನು ಬಳಸಬೇಡಿ.

ಹೊಸ ಲೈನರ್, ಹೊಸ ಸೆಪ್ಟಮ್, ಕಾಲಂನ ಮೊದಲ ಅರ್ಧ ಮೀಟರ್ ಕತ್ತರಿಸಿದ ಮೇಲೂ ಮಾನಕ ಮಿಶ್ರಣವೇ ಸರಿಬಾರದಿದ್ದರೆ, ಅಥವಾ ಡಿಟೆಕ್ಟರ್‌ನ ಬೇಸ್‌ಲೈನ್ ಕಾಲಂ ಬಿಚ್ಚಿ ಬಾಯಿ ಮುಚ್ಚಿದ ಮೇಲೂ ಏರುತ್ತಿದ್ದರೆ, ಅಲ್ಲಿಂದ ಮುಂದಿನದು ಸರ್ವಿಸ್ ಎಂಜಿನಿಯರ್ ಕೆಲಸ. ಪೀಕ್‌ನ ಗುರುತೇ ಸಂದೇಹವಾಗಿದ್ದರೆ ಆ ಎಸ್ಟರ್ ದ್ರಾವಣವನ್ನು, ಖಾಲಿ ಮಾದರಿಯ ಜೊತೆಗೆ, ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಪ್ರಯೋಗಾಲಯಕ್ಕೆ ಕಳುಹಿಸಿ. ಯಾವ ಕ್ರಿಯಾವರ್ಧಕ, ಎಷ್ಟು ತಾಪ, ಎಷ್ಟು ಹೊತ್ತು, ಯಾವ ಆಂತರಿಕ ಮಾನಕ ಎಂಬುದನ್ನು ಸೀಸೆಯ ಜೊತೆಯಲ್ಲಿಯೇ ಬರೆದು ಕಳುಹಿಸಬೇಕು.